ಆಲೆಮನೆ ಪಕ್ಕದ ಶೆಡ್ಡಲ್ಲಿ ಒಂದು ಪುಷ್ಪಕ್

ಶೆಡ್ಡಿನ ಬಾಗಿಲು ತೆಗೆದು ಒಳಗಿರೋ ಪುಷ್ಪಕ್‌ನ, ಎಚ್‌ಎಎಲ್ ಮಾಡಿದ ಹಳೇ ಸಣ್ಣ ವಿಮಾನಾನ, ತೋರಿಸಿದ ಕೂಡ್ಲೆ ಯಾರೇ ಆಗ್ಲಿ ಕೇಳೋ ಮೊದಲನೇ ಪ್ರಶ್ನೆ, "ಇದು ಹಾರುತ್ತಾ?" ಇಲ್ಲ ಅಂತೀನಿ. ಸ್ವಲ್ಪ ಹೊತ್ತು ಸುತ್ತ ಓಡಾಡಿ, ರೆಕ್ಕೆ ಮೇಲೆ ಕೈ ಆಡಿಸಿ, ಫೋಟೋ ತಗೊಂಡು, ಹೊರಡೋ ಹೊತ್ತಿಗೆ ಎರಡನೇದು ಬರುತ್ತೆ, "ಹಾರಲ್ಲ ಅಂದ್ಮೇಲೆ ಯಾಕ್ ಇಟ್ಕೊಂಡಿದ್ದೀರ ಸಾರ್?" ಕೆಟ್ಟ ಮನಸ್ಸಿಂದ ಕೇಳೋದಲ್ಲ, ನಿಜವಾಗ್ಲೂ ಗೊತ್ತಾಗ್ದೆ ಕೇಳ್ತಾರೆ. ಮೂರನೇ ಪ್ರಶ್ನೆ ಮೊದ್ಲೆಲ್ಲ ಬರ್ತಾ ಇರ್ಲಿಲ್ಲ, ಈಗೀಗ ಅದೇ ಜಾಸ್ತಿ ಆಗಿದೆ, "ನಮಗೆ ಕೊಡ್ತೀರಾ? ಕಾಲೇಜ್ ಮುಂದೆ ಕಂಬದ್ ಮೇಲೆ ನಿಲ್ಲಿಸ್ತೀವಿ, ಮೂರು ಬಣ್ಣ ಹೊಡ್ಸಿ." ಎರಡಕ್ಕೂ ಮೂರಕ್ಕೂ ನನ್ನ ಹತ್ರ ಇರೋ ಉತ್ತರ ಬಾಗಿಲಲ್ಲಿ ನಿಂತು ಹೇಳಿ ಮುಗಿಸೋ ಅಂಥದ್ದಲ್ಲ, ಅದಕ್ಕೆ ಕೂತು ಬರೀತಾ ಇದೀನಿ.

ಶೆಡ್ಡು ಇರೋದು ಪಾಂಡವಪುರದ ಕಡೆ, ವಿ.ಸಿ. ನಾಲೆ ಏರಿಯಿಂದ ಸ್ವಲ್ಪ ಕೆಳಗೆ, ನಮ್ಮ ಸೋದರಮಾವನ ಕಬ್ಬಿನ ಗದ್ದೆ ಅಂಚಲ್ಲಿ. ಮಾವ ಬೆಂಗಳೂರಿನ ಜಕ್ಕೂರು ಫ್ಲೈಯಿಂಗ್ ಸ್ಕೂಲಲ್ಲಿ ವಿಮಾನದ ಮೆಕ್ಯಾನಿಕ್ ಆಗಿದ್ರು, ರಿಟೈರ್ ಆಗಿ ಊರಿಗೆ ಬಂದು ಕಬ್ಬು ಬೆಳೆಸ್ತಾ ಆಲೆಮನೆ ನಡೆಸ್ತಾ ಇದ್ದೋರು. ಬೇರೆ ರಾಜ್ಯದ ಒಂದು ಫ್ಲೈಯಿಂಗ್ ಕ್ಲಬ್ಬು ಹಳೇ ಸಾಮಾನೆಲ್ಲ ಹರಾಜಿಗೆ ಹಾಕಿದೆ, ಅದರಲ್ಲಿ ಒಂದು ಪುಷ್ಪಕ್ಕೂ ಇದೆ ಅಂತ ಯಾರೋ ಹಳೇ ಸ್ನೇಹಿತರು ಫೋನ್ ಮಾಡಿ ಹೇಳಿದ್ದೇ ತಡ, ಅತ್ತೆಗೆ ಸರಿಯಾಗಿ ಹೇಳ್ದೇನೇ ಹೋಗಿ ಕೊಂಡ್ಕೊಂಡು ಬಂದುಬಿಟ್ರು. ಕಬ್ಬಿಣದ ತೂಕದ ರೇಟು. ಅಲ್ಲಿ ವಿಮಾನಾನ ಒಂದು ಕಡೆ ಇಟ್ಟು, ಹಾರಾಟ ರಿಪೇರಿ ಎಲ್ಲ ಬರೆದಿಡೋ ಅದರ ಲಾಗ್‌ಬುಕ್ಕುಗಳನ್ನ ಹಳೇ ರಿಜಿಸ್ಟರ್‌ಗಳ ಜೊತೆ ಗಂಟು ಕಟ್ಟಿ ರದ್ದಿಗೆ ಹಾಕೋಕೆ ಇಟ್ಟಿದ್ರಂತೆ. "ವಿಮಾನ ಬಿಟ್ರೂ ಪರವಾಗಿಲ್ಲ, ಮೊದ್ಲು ಆ ಗಂಟು ಕೊಡಿ" ಅಂತ ಮಾವ ಅಲ್ಲೇ ನೆಲದ್ ಮೇಲೆ ಕೂತ್ಕೊಂಡು ಒಂದೊಂದೇ ಪುಸ್ತಕ ಬಿಚ್ಚಿ, ನಂಬರ್ ತಾಳೆ ನೋಡಿ, ಬಾಡಿದು, ಎಂಜಿನ್ದು, ಪ್ರೊಪೆಲ್ಲರ್ದು ಮೂರೂ ಸಿಕ್ಕಿದ್ಮೇಲೇ ಎದ್ದಿದ್ದು.

ಲಾರಿ ಊರಿಗೆ ಬಂದಿದ್ದು ಬೆಳಗಿನ ಜಾವ. ರೆಕ್ಕೆ ಎರಡೂ ಬಿಚ್ಚಿ ಹುಲ್ಲಿನ ಮೇಲೆ ಮಲಗಿಸಿದ್ರು, ಬಾಡಿ ಮಾತ್ರ ಬಾಲದ ಚಕ್ರದ್ ಮೇಲೆ ನಿಂತಿತ್ತು. ಆಲೆಮನೇಲಿ ರಾತ್ರಿ ಪಾಳಿ ಮುಗಿಸಿ ಮುಖ ತೊಳ್ಕೊಂತಾ ಇದ್ದೋರು ಹಾಗೇ ಬಂದು ನಿಂತ್ಕೊಂಡ್ರು. ನಮ್ಮ ಗದ್ದೆ ಪಕ್ಕದ ಗದ್ದೆಯ ಅಜ್ಜ ಒಬ್ರು ಬೆರಳಲ್ಲಿ ಬಾಡಿ ತಟ್ಟಿ ನೋಡಿ, "ಇದೇನಪ್ಪ ಇದು, ತಗಡಲ್ಲ, ಬಟ್ಟೆ ಕನಪ್ಪ! ಬಟ್ಟೆ ಕಟ್ಕಂಡ್ ಮ್ಯಾಲಕ್ಕೆ ಹೋಯ್ತಿದ್ರಾ?" ಅಂದ್ರು. ಮಾವ ಎಷ್ಟು ಖುಷಿಯಾದ್ರು ಅಂದ್ರೆ, ಆ ಅಜ್ಜನ್ನ ಕೈ ಹಿಡ್ಕೊಂಡು ಒಳಗಡೆ ಟಾರ್ಚ್ ಬಿಟ್ಟು ತೋರಿಸಿದ್ರು, ಉಕ್ಕಿನ ಕೊಳವೆಗಳನ್ನ ಬೆಸುಗೆ ಹಾಕಿ ಮಾಡಿದ ಎಲುಬಿನ ಗೂಡು, ಅದರ ಮೇಲೆ ಬಿಗಿಯಾಗಿ ಎಳೆದು ಡೋಪ್ ಬಳಿದ ಬಟ್ಟೆ. ಡೋಪ್ ಅಂದ್ರೆ ಬಟ್ಟೇನ ಬಿಗಿ ಮಾಡೋ ಒಂಥರಾ ವಾರ್ನಿಶ್ಶು, ಪದರದ ಮೇಲೆ ಪದರ ಬಳೀತಾರೆ, ಒಣಗ್ತಾ ಒಣಗ್ತಾ ಬಟ್ಟೆ ಸೆಟೆದು ನಿಲ್ಲುತ್ತೆ. ಆ ವಾಸನೆ ಇಷ್ಟು ವರ್ಷ ಆದ್ರೂ ಪೂರ್ತಿ ಹೋಗಿಲ್ಲ, ಸೀಟಿನ ಹಿಂದಿನ ಜಾಗಕ್ಕೆ ತಲೆ ಹಾಕಿದ್ರೆ ಈಗ್ಲೂ ಮೂಗಿಗೆ ಬಡಿಯುತ್ತೆ.

ಒಹಾಯೋದಿಂದ ಬೆಂಗಳೂರಿಗೆ

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಒಂದು ದೊಡ್ಡ ನಂಬಿಕೆ ಇತ್ತು, ಯುದ್ಧದಿಂದ ವಾಪಸ್ ಬಂದ ಪೈಲಟ್‌ಗಳೆಲ್ಲ ಇನ್ಮೇಲೆ ಮನೆಗೊಂದು ವಿಮಾನ ತಗೋತಾರೆ ಅಂತ. 1946ರ ಒಂದೇ ವರ್ಷದಲ್ಲಿ ಅಲ್ಲಿ ಸುಮಾರು 35,000 ಸಣ್ಣ ವಿಮಾನ ಮಾಡಿ ಬಿಟ್ರು. ಮಾರನೇ ವರ್ಷಕ್ಕೇ ಮಾರುಕಟ್ಟೆ ಕುಸಿದು ಸಂಖ್ಯೆ ಅರ್ಧಕ್ಕಿಂತ ಕಮ್ಮಿ ಆಯ್ತು, ಅದರ ಮುಂದಿನ ವರ್ಷ ಇನ್ನೂ ಅರ್ಧ. ಆ ಹೊಡೆತ ತಿಂದ ಕಂಪನಿಗಳಲ್ಲಿ ಒಹಾಯೋ ರಾಜ್ಯದ ಏರೋಂಕಾನೂ ಒಂದು, 1951ಕ್ಕೆ ಸಣ್ಣ ವಿಮಾನ ಮಾಡೋದೇ ನಿಲ್ಲಿಸಿಬಿಡ್ತು. ಅವರ 'ಚೀಫ್' ಅನ್ನೋ ವಿಮಾನ, ಇಬ್ರು ಪಕ್ಕಪಕ್ಕ ಕೂರೋದು, ರೆಕ್ಕೆ ತಲೆ ಮೇಲೆ ಬರೋದು, ಅದರ ವಿನ್ಯಾಸಾನೇ ಆಧಾರ ಮಾಡ್ಕೊಂಡು ನಮ್ಮ ಎಚ್‌ಎಎಲ್ ಮಾಡಿದ್ದು ಪುಷ್ಪಕ್. ಮೊದಲ ಸಲ ಹಾರಿದ್ದು 1958ರ ಸೆಪ್ಟೆಂಬರ್ 28ಕ್ಕೆ. ಕಾಂಟಿನೆಂಟಲ್ ಸಿ90 ಎಂಜಿನ್ನು, 90 ಕುದುರೆ ಶಕ್ತಿ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಅಂತಾನೇ ಮಾಡಿದ್ದು, ಒಟ್ಟು ನೂರೈವತ್ತು ಚಿಲ್ರೆ ಮಾಡಿದ್ರು, ಅಷ್ಟೇ.

ಇದಕ್ಕೂ ಮೈಸೂರಿಗೂ ಏನ್ ಸಂಬಂಧ ಅಂತ ಕೇಳೋರಿಗೆ ನಾನು ಹೇಳೋದು, ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದ್ರೆ ಇವತ್ತಿನ ಎಚ್‌ಎಎಲ್, ಅನ್ನೋ ಕಾರ್ಖಾನೆ 1940ರ ಡಿಸೆಂಬರ್‌ನಲ್ಲಿ ಶುರುವಾಗಿದ್ದೇ ವಾಲ್‌ಚಂದ್ ಹೀರಾಚಂದ್ ಅವರ ಹಟದಿಂದ ಮತ್ತು ಮೈಸೂರು ಸರ್ಕಾರದ ಜಾಗ, ದುಡ್ಡಿಂದ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಾನೂ ಆಗಿನ ಸಂಸ್ಥಾನದವರೇ ಮಾಡಿಸಿದ್ದು. ಕನ್ನಂಬಾಡಿ ಕಟ್ಟೆ ಅಂದ ತಕ್ಷಣ ನಮ್ಮ ಕಡೆ ಯಾರೇ ಆಗ್ಲಿ ಎದೆ ಉಬ್ಬಿಸಿ 'ನಮ್ಮದು' ಅಂತಾರೆ, ಅದು ಸರೀನೇ, ಆದ್ರೆ ಅದೇ ಖಜಾನೆ ದುಡ್ಡು ಬಿದ್ದಿರೋ ಈ ಕಾರ್ಖಾನೇಲಿ ಆದ ವಿಮಾನದ ಹೆಸರು ಹೇಳಿದ್ರೆ ಗೊತ್ತಿರೋರು ಸಿಗಲ್ಲ. ವಿ. ಎಂ. ಘಾಟ್ಗೆ ಅಂತ ಒಬ್ರಿದ್ರು, ಜರ್ಮನಿಯ ಗಟಿಂಗನ್‌ನಲ್ಲಿ ಪ್ರಾಂಟಲ್ ಅಂಥ ದೊಡ್ಡ ವಾಯುಬಲ ವಿಜ್ಞಾನಿ ಹತ್ರ ಓದಿ ಬಂದು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ (ಐಐಎಸ್‌ಸಿ) ಪಾಠ ಹೇಳಿ, ಆಮೇಲೆ ಎಚ್‌ಎಎಲ್‌ನಲ್ಲಿ ಎಚ್‌ಟಿ-2 ಅನ್ನೋ ತರಬೇತಿ ವಿಮಾನ ಮಾಡಿಸಿದೋರು. ಅದು 1951ರ ಆಗಸ್ಟ್‌ನಲ್ಲಿ ಹಾರ್ತು, ಸ್ವಾತಂತ್ರ್ಯ ಬಂದು ಇನ್ನೂ ನಾಲ್ಕು ವರ್ಷ ಆಗಿತ್ತು ನೋಡಿ. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲು ಕೈ ಇಟ್ಟಿದ್ದು ಅದರ ಮೇಲೆ, ಘಾನಾ ದೇಶಕ್ಕೂ ಕೊಟ್ಟಿದ್ರು. ಘಾಟ್ಗೆ ಹೆಸರಿನ ಒಂದು ರಸ್ತೆ ನಮ್ಮೂರಲ್ಲಿ ಇರಬೇಕಿತ್ತು ಅಂತ ನನಗೆ ತುಂಬಾ ಸಲ ಅನ್ಸುತ್ತೆ.

ಜಕ್ಕೂರಿಂದ ವಿದ್ಯಾರ್ಥಿಗಳು ಪುಷ್ಪಕ್ ತಗೊಂಡು ಮೈಸೂರಿಗೆ ಬರೋವಾಗ ರೈಲು ಹಳಿ ನೋಡ್ಕೊಂಡೇ ಬರ್ತಾ ಇದ್ರಂತೆ, ರಾಮನಗರದ ಬಂಡೆ, ಮದ್ದೂರು, ಮಂಡ್ಯ, ಆಮೇಲೆ ಕಾವೇರಿ ಹೊಳೆಯೋದು ಕಂಡ್ರೆ ಶ್ರೀರಂಗಪಟ್ಟಣ, ಅಲ್ಲಿಂದ ಮಂಡಕಳ್ಳಿ. ಒಂದು ಗಂಟೆ ಹತ್ತಿರದ ದಾರಿ. ಎದುರು ಗಾಳಿ ಜೋರಿದ್ದ ದಿನ ಕೆಳಗೆ ಹೋಗ್ತಾ ಇರೋ ರೈಲು ಎಷ್ಟು ಹೊತ್ತಾದ್ರೂ ಹಿಂದೆ ಬೀಳ್ತಾನೇ ಇರ್ಲಿಲ್ಲ ಅಂತ ಮಾವ ಹೇಳೋರು.

ಅಪರೂಪ ಅನ್ನೋದರ ಕಷ್ಟ

"ಇಷ್ಟು ಕಮ್ಮಿ ಇದಾವೆ ಅಂದ್ರೆ ಕೋಟಿಗಟ್ಲೆ ಬೆಲೆ ಇರ್ಬೇಕಲ್ಲ?" ಅಂತ ಕೇಳ್ತಾರೆ. ಹಳೇ ಕಾರಿನ ಲೆಕ್ಕ ವಿಮಾನಕ್ಕೆ ನಡೆಯಲ್ಲ. ಟೈಗರ್ ಮಾತ್ 8,000ಕ್ಕೂ ಮೇಲೆ ಮಾಡಿದ್ರು, ಪೈಪರ್ ಕಬ್ ಹತ್ತತ್ರ 20,000. ಅವು ಇವತ್ತೂ ಹಾರ್ತಾ ಇವೆ ಅಂದ್ರೆ ಅವು ಅಷ್ಟೊಂದು ಇದ್ವು ಅನ್ನೋದೇ ಕಾರಣ, ಜನ ಜಾಸ್ತಿ, ಅದಕ್ಕೆ ಬಿಡಿಭಾಗ ಮಾಡೋರು ಜಾಸ್ತಿ, ರಿಪೇರಿ ಗೊತ್ತಿರೋರು ಜಾಸ್ತಿ. ನಮ್ಮ ವಾಯುಪಡೆಯ ವಿಂಟೇಜ್ ಫ್ಲೈಟ್‌ನಲ್ಲೂ ಒಂದು ಟೈಗರ್ ಮಾತ್ ಇದೆ, ಅದನ್ನ ರಿಪೇರಿ ಮಾಡಿಸಿದ್ದು ಇಂಗ್ಲೆಂಡಲ್ಲಿ. ಪುಷ್ಪಕ್ ಮಾಲೀಕನಿಗೆ ಆ ಭಾಗ್ಯ ಇಲ್ಲ. ಒಂದು ಫಿಟ್ಟಿಂಗ್ ತುಂಡಾದ್ರೆ ಅದನ್ನ ಡ್ರಾಯಿಂಗ್ ನೋಡಿ ಹೊಸದಾಗಿ ಮಾಡಿಸ್ಬೇಕು, ಡ್ರಾಯಿಂಗ್ ಸಿಗಬೇಕು, ಮಾಡಿದ್ದು ಸರಿ ಇದೆ ಅಂತ ಸಹಿ ಹಾಕೋರು ಸಿಗಬೇಕು, ವಿಮಾನಗಳಿಗೆ ಅನುಮತಿ ಕೊಡೋ ಸರ್ಕಾರಿ ಸಂಸ್ಥೆ ಡಿಜಿಸಿಎ ಒಪ್ಪಬೇಕು. ಕಮ್ಮಿ ಇರೋದ್ರಿಂದ ಬೆಲೆ ಬರಲ್ಲ, ಕಮ್ಮಿ ಇರೋದ್ರಿಂದ ಒಂಟಿ ಆಗೋಗುತ್ತೆ.

ಒಂದು ಸಮಾಧಾನ ಎಂಜಿನ್ನು. ಸಿ90ನೇ ಮುಂದೆ ಓ-200 ಅಂತ ಬೆಳೀತು, ಅದನ್ನ ಹಾಕಿ ಸೆಸ್ನಾದವರು 150 ಅನ್ನೋ ವಿಮಾನ 23,000ಕ್ಕಿಂತ ಜಾಸ್ತಿ ಮಾಡಿದ್ರು, ಹಾಗಾಗಿ ಆ ವಂಶದ ಎಂಜಿನ್ ಗೊತ್ತಿರೋರು ಪ್ರಪಂಚದಲ್ಲೆಲ್ಲ ಇದಾರೆ. ಎಚ್‌ಟಿ-2ಗೆ ಇಷ್ಟೂ ಇಲ್ಲ. ಅದರದ್ದು ಬ್ಲ್ಯಾಕ್‌ಬರ್ನ್ ಸಿರಸ್ ಮೇಜರ್, ಬ್ರಿಟನ್ನಿನ ಎಂಜಿನ್ನು, ಸಿಲಿಂಡರುಗಳು ತಲೆಕೆಳಗಾಗಿ ಸಾಲಾಗಿ ಜೋತು ಬಿದ್ದಿರೋದು, ಮಾಡೋರೇ ನಿಂತುಹೋದ್ರು. ಇನ್ನು ಪೆಟ್ರೋಲು, ಈ ವಿಮಾನಗಳಿಗೆ ಬೇಕಾದ ಅವ್‌ಗ್ಯಾಸ್ ನಮ್ಮ ದೇಶಕ್ಕೆ ವರ್ಷಾನುಗಟ್ಲೆ ಹೊರಗಡೆಯಿಂದಾನೇ ಬರ್ತಾ ಇತ್ತು, ಇಂಡಿಯನ್ ಆಯಿಲ್‌ನವರು ಇಲ್ಲೇ ಮಾಡಿದ್ದನ್ನ ಬಿಡುಗಡೆ ಮಾಡಿದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಕ್ಲಬ್ಬುಗಳ ಪುಷ್ಪಕ್ ಕಾಲ ಮುಗಿದು ಎಷ್ಟೋ ವರ್ಷ ಆಗಿತ್ತು.

ಹಾರಿಸದೇ ಇದ್ರೂ ಇಟ್ಕೊಳ್ಳೋದೇ ಒಂದು ಕೆಲಸ. ಬಟ್ಟೆ ವಿಮಾನಕ್ಕೆ ಇಲಿಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ, ಬಟ್ಟೆ ಕಡಿಯೋದು ಒಂದು ಕಡೆ, ಅದರ ಉಚ್ಚೆ ಬಿದ್ದ ಕಡೆ ಲೋಹ ತಿಂದ್ಕೊಂಡು ಹೋಗುತ್ತೆ. ಪಕ್ಕದಲ್ಲಿ ಬೆಲ್ಲ ಬೇಯ್ತಾ ಇರೋ ಜಾಗ, ಇಲಿ ಇಲ್ದೇ ಇರುತ್ತಾ, ಅದಕ್ಕೇ ಮಾವ ಶೆಡ್ಡಿಗೆ ಕೆಳಗಿಂದ ಸೊಂಟದ ಎತ್ತರದವರೆಗೂ ತಗಡು ಹೊಡ್ಸಿ, ಬೆಲ್ಲದ ಅಚ್ಚು ಒಂದೂ ಒಳಗೆ ತರಬಾರದು ಅಂತ ಕಟ್ಟುನಿಟ್ಟು ಮಾಡಿದ್ರು. ನಾಲೆ ನೀರು ಬಿಟ್ಟಾಗ ನೆಲ ತೇವ ಕುಡಿಯುತ್ತೆ, ಆಗ ಬಾಲದ ಕಡೆಯ ಕೆಳಗಿನ ಕೊಳವೆಗಳು ನೋಡ್ಬೇಕು, ನೀರು ಇಳಿದು ನಿಲ್ಲೋದು ಅಲ್ಲೇ, ತುಕ್ಕು ಒಳಗಿಂದ ಹಿಡಿಯುತ್ತೆ, ಹೊರಗೆ ಬಣ್ಣ ಚೆನ್ನಾಗೇ ಕಾಣ್ತಾ ಇರುತ್ತೆ. ಪ್ರೊಪೆಲ್ಲರ್ ಮರದ್ದು, ಅದು ಯಾವಾಗ್ಲೂ ಅಡ್ಡಡ್ಡ ಇರ್ಬೇಕು. ಉದ್ದಕ್ಕೆ ನಿಲ್ಲಿಸಿ ಬಿಟ್ರೆ ತೇವ ಪ್ರೊಪೆಲ್ಲರಿನ ಕೆಳಗಿನ ಅಲಗಿಗೆ ಇಳಿದು ಆ ಕಡೆ ಭಾರ ಆಗುತ್ತೆ, ಸಮತೋಲ ಹಾಳು. ಫೋಟೋಗೆ ಚೆನ್ನಾಗಿ ಕಾಣ್ಲಿ ಅಂತ ಹುಡುಗರು ಉದ್ದಕ್ಕೆ ತಿರುಗಿಸಿದ್ರೆ ಮಾವ ರೇಗೋರು, ಅದಕ್ಕೆ ಇನ್ನೊಂದು ಕಾರಣಾನೂ ಇತ್ತು, ನಿಂತ ಎಂಜಿನ್ನನ್ನ ಸುಮ್ಮನೆ ಕೈಯಲ್ಲಿ ತಿರುಗಿಸ್ತಾ ಇದ್ರೆ ಸಿಲಿಂಡರ್ ಗೋಡೆ ಮೇಲೆ ಅಂಟಿಸಿಟ್ಟಿರೋ ಎಣ್ಣೆ ಉಜ್ಜಿ ಹೋಗಿ ತುಕ್ಕಿಗೆ ದಾರಿ ಆಗುತ್ತೆ. ನೋಡೋರಿಗೆ ತಿರುಗಿಸೋದೇ ಒಳ್ಳೇದು ಅನ್ಸುತ್ತೆ, ಆದ್ರೆ ಒಳ್ಳೇದಲ್ಲ.

"ಸ್ವಿಚ್ ಎಲ್ಲಿದೆ?"

ಮಾವ ತೀರ್ಕೊಂಡು ಸ್ವಲ್ಪ ತಿಂಗಳಾದ್ಮೇಲೆ ಅವರ ಜೊತೆ ಕೆಲಸ ಮಾಡಿದ್ದ ಒಬ್ರು ಹಿರಿಯರು ಮೈಸೂರಿಂದ ನೋಡೋಕೆ ಬಂದ್ರು. ಕುವೆಂಪುನಗರದಲ್ಲಿ ಮಗಳ ಮನೇಲಿದ್ದಾರೆ, ಮಂಡಿ ನೋವು, ಕೋಲು ಹಿಡ್ಕೊಂಡೇ ಬಸ್ ಇಳಿದ್ರು. ಅತ್ತೆ ಕಾಫಿ ತಂದ್ರೆ "ಆಮೇಲೆ ಕುಡೀತೀನಿ ತಾಯಿ, ಮೊದ್ಲು ನೋಡ್ಬಿಡ್ತೀನಿ" ಅಂದ್ರು.

ಒಳಗೆ ಬಂದವರು ವಿಮಾನದ ಮುಂದೆ ನಿಂತ್ರು, ಆದ್ರೆ ಪ್ರೊಪೆಲ್ಲರ್ ಅಳತೆಗೆ ಬರೋಷ್ಟು ಹತ್ರ ಹೋಗ್ಲಿಲ್ಲ. "ಸ್ವಿಚ್ ಆಫ್ ಇದ್ಯಾ ನೋಡಪ್ಪ." ನಾನು ಪೆಟ್ರೋಲೇ ಇಲ್ಲ, ಎಷ್ಟೋ ವರ್ಷದಿಂದ ಸ್ಟಾರ್ಟ್ ಮಾಡಿಲ್ಲ ಸಾರ್ ಅಂದೆ. "ಅದೆಲ್ಲ ಇರ್ಲಿ, ನೋಡು." ನೋಡಿ ಆಫ್ ಅಂದ್ಮೇಲೂ ಅವರು ಅದನ್ನ ನಂಬಿದ ಹಾಗೆ ನಡ್ಕೊಳ್ಲಿಲ್ಲ. ಈ ಎಂಜಿನ್ನಿಗೆ ಸೆಲ್ಫ್ ಇಲ್ಲ, ಬ್ಯಾಟರಿ ಇಲ್ಲ, ಕಿಡಿ ಬರೋದು ಎಂಜಿನ್ ತಿರುಗಿದಾಗ ತಾನೇ ಕರೆಂಟು ಹುಟ್ಟಿಸೋ ಮ್ಯಾಗ್ನೆಟೋದಿಂದ, ಸ್ವಿಚ್ ಆಫ್ ಮಾಡೋದು ಅಂದ್ರೆ ಮ್ಯಾಗ್ನೆಟೋನ ಒಂದು ತಂತಿಯಿಂದ ಬಾಡಿಗೆ ಅರ್ಥ್ ಮಾಡೋದು, ಆ ತಂತಿ ಎಲ್ಲಾದ್ರೂ ತುಂಡಾಗಿದ್ರೆ ಸ್ವಿಚ್ ಆಫ್ ಅಂತ ತೋರಿಸ್ತಾ ಇದ್ರೂ ಎಂಜಿನ್ ಜೀವಂತ. "ನಮ್ಮ ಕಾಲದಲ್ಲಿ ಬೆರಳು ಹೋದೋರೆಲ್ಲ ಆಫ್ ಇದ್ದ ಸ್ವಿಚ್‌ನ ನಂಬಿದೋರೇ" ಅಂದ್ರು. ಆಮೇಲೆ ನನ್ನ ಕೈಲಿ ಮೇಲಿನ ಪ್ಲಗ್ಗುಗಳನ್ನ ಬಿಚ್ಚಿಸಿ, ತಂದಿದ್ದ ಸಣ್ಣ ಕ್ಯಾನಿಂದ ಒಳಗೆ ಎಣ್ಣೆ ಬಿಡಿಸಿ, ಮತ್ತೆ ಹಾಕಿಸಿದ್ರು. ಕೋಲು ಗೋಡೆಗೆ ಒರಗಿಸಿ ನಿಂತ ಮೇಲೆ ಅವರ ನಿಲುವೇ ಬೇರೆ ಆಯ್ತು, ಒಂದು ಕಾಲು ಹಿಂದೆ, ಮೈ ಭಾರ ಹಿಂದಿನ ಕಾಲ ಮೇಲೆ, ಎರಡೂ ಅಂಗೈ ಚಪ್ಪಟೆಯಾಗಿ ಪ್ರೊಪೆಲ್ಲರ್ ಅಂಚಿನ ಮೇಲೆ. ಬೆರಳು ಮಡಚಿ ಹಿಡಿಯಂಗಿಲ್ಲ, ಮಡಚಿದ್ರೆ ಎಂಜಿನ್ ಹಿಂದಕ್ಕೆ ಒದ್ದಾಗ ಕೈ ಎಳ್ಕೊಂಡು ಹೋಗುತ್ತೆ. ನಿಧಾನಕ್ಕೆ ಕೆಳಗೆ ಎಳೆದ್ರು. ಒಂದು ಸಿಲಿಂಡರಿನ ಒತ್ತಡ ದಾಟ್ತು, ಎರಡು, ಮೂರನೇದರಲ್ಲಿ ಕೈ ಸುಲಭವಾಗಿ ಇಳೀತು, ಎಲ್ಲೋ 'ಸ್ಸ್' ಅಂತ ಸಣ್ಣ ಸದ್ದು, ನಾಲ್ಕನೇದು ಮತ್ತೆ ಗಟ್ಟಿ. ನನಗೆ ಸದ್ದು ಕೇಳಿಸ್ತು ಅಂತ ಹೇಳೋಷ್ಟರಲ್ಲಿ ಅವರು, "ಒಂದು ಎಕ್ಸಾಸ್ಟ್ ವಾಲ್ವ್ ಸೋರ್ತಾ ಇದೆ, ಮಿಕ್ಕಿದ್ದು ಪರವಾಗಿಲ್ಲ, ನಿಮ್ಮ ಮಾವ ಚೆನ್ನಾಗೇ ಇಟ್ಟಿದ್ದಾರೆ" ಅಂದು ಮೂರು ಹೆಜ್ಜೆ ಹಿಂದೆ ಹೋಗಿ ಕೋಲು ತಗೊಂಡ್ರು.

ಆಮೇಲೆ ಲಾಗ್‌ಬುಕ್ ತರಿಸಿಕೊಂಡ್ರು. ಅದರಲ್ಲಿ ಒಂದು ಪುಟ ಇದೆ, ಯಾರೋ ವಿದ್ಯಾರ್ಥಿ ಇಳಿಸುವಾಗ ವಿಮಾನ ನೆಲದ ಮೇಲೆ ಗಿರಕಿ ಹೊಡೆದು, ಎಡಗಡೆ ಕೆಳಗಿನ ಉದ್ದ ಕೊಳವೆ ಬಾಗಿ, ಆ ತುಂಡು ತೆಗೆದು ಒಳಗೆ ಸ್ಲೀವ್ ಕೊಟ್ಟು ಬೆಸುಗೆ ಹಾಕಿದ್ದು ಅಂತ ನೀಲಿ ಇಂಕಲ್ಲಿ ಬರೆದು ಸಹಿ ಮಾಡಿದ್ದಾರೆ. ಅವರು ಆ ಪುಟ ಓದಿ ಸುಮ್ಮನೆ ಕೂರ್ಲಿಲ್ಲ, ಕನ್ನಡಕ ಸರಿ ಮಾಡ್ಕೊಂಡು, ಬಾಡಿ ಕೆಳಗಿನ ಇನ್‌ಸ್ಪೆಕ್ಷನ್ ತೂತಿಗೆ ಕೈ ಹಾಕಿ ತಡಕಾಡಿ, "ಬಾ, ಇಲ್ಲಿ ಮುಟ್ಟು" ಅಂದ್ರು. ಮುಟ್ಟಿದೆ. ನುಣ್ಣಗಿದ್ದ ಕೊಳವೆ ಮೇಲೆ ಓರೆಯಾಗಿ ಒಂದು ಉಬ್ಬು ಗೆರೆ, ಬೆಸುಗೆ ಹಾಕಿದ್ದು, ಒಂದೇ ಸಮ, ಸಣ್ಣ ಸಣ್ಣ ಅಲೆ ಅಲೆಯಾಗಿ ಬೆರಳಿಗೆ ಸಿಗುತ್ತೆ. ಮಾವ ಇದ್ದಾಗ ಈ ಪುಸ್ತಕಾನ ಎಷ್ಟೋ ಸಲ ತಿರುವಿ ಹಾಕಿದ್ದೆ. ಪುಟದಲ್ಲಿ ಬರೆದಿದ್ದು ಮೈ ಮೇಲೆ ಹೀಗೆ ಕೈಗೆ ಸಿಗುತ್ತೆ ಅನ್ನೋದು ಅವತ್ತು ತಿಳೀತು.

ಕಂಬದ ಮೇಲೆ ಯಾಕೆ ಬೇಡ

ಕಾಲೇಜಿನವರು ಒಳ್ಳೇ ಮನಸ್ಸಿಂದಾನೇ ಕೇಳಿದ್ದು. ಹುಡುಗರು ನೋಡ್ತಾರೆ, ಸ್ಫೂರ್ತಿ ಆಗುತ್ತೆ, ನಿಮ್ಮ ಮಾವನ ಹೆಸರು ಹಾಕ್ತೀವಿ ಅಂದ್ರು. ಮಾವನ ಹೆಸರು ಅಂದಾಗ ಅತ್ತೆ ಕಣ್ಣು ಒದ್ದೆ ಆಯ್ತು, ಅದು ನನಗೂ ಕಷ್ಟ ಆಯ್ತು. ಆದ್ರೂ ಬೇಡ ಅಂದೆ. ಕಂಬದ ಮೇಲೆ ಏರಿಸ್ಬೇಕು ಅಂದ್ರೆ ಮೊದಲು ಎಂಜಿನ್ ಇಳಿಸ್ತಾರೆ, ಭಾರ ಅಂತ. ಹೊಟ್ಟೆ ಒಳಗೆ ದಪ್ಪ ಪೈಪು ತೂರಿಸಿ ಆ ಕೊಳವೆಗಳಿಗೇ ಬೆಸುಗೆ ಹಾಕ್ತಾರೆ. ಬಟ್ಟೆ ಬಿಸಿಲಲ್ಲಿ ನಿಲ್ಲಲ್ಲ, ಹತ್ತಿ ಬಟ್ಟೆ ಹೊಸದಿದ್ದಾಗ ಇಂಚಿಗೆ 80 ಪೌಂಡ್ ಎಳೆತ ತಡೆಯೋದು 56ಕ್ಕೆ ಇಳಿದ್ರೆ ಕಿತ್ತು ಬೇರೆ ಹಾಕು ಅನ್ನೋದು ಹಳೇ ನಿಯಮ, ನಮ್ಮ ಮಂಡ್ಯದ ಬಿಸಿಲಿಗೆ ಬಯಲಲ್ಲಿ ನಿಲ್ಲಿಸಿದ್ರೆ ಅದು ಬೇಗ ಪಿಸಿದು ಹೋಗುತ್ತೆ, ಆಮೇಲೆ ತಗಡು ಸುತ್ತುತಾರೆ, ತಗಡಿನ ಮೇಲೆ ಬಣ್ಣ. ಹತ್ತು ವರ್ಷ ಕಳೆದ್ರೆ ಮೇಲಿರೋದು ವಿಮಾನದ ಆಕಾರ ಅಷ್ಟೇ. ಆ ಬೆಸುಗೆ ಗೆರೆ ಮುಟ್ಟೋಕೆ ಯಾರಿಗೂ ಆಗಲ್ಲ, ಲಾಗ್‌ಬುಕ್ಕು ಯಾವುದೋ ಬೀರುವಲ್ಲಿ ಇರುತ್ತೆ, ಅದು ಯಾತರದ್ದು ಅಂತ ಆಫೀಸ್ ಬದಲಾದಾಗ ಯಾರಿಗೂ ಗೊತ್ತಿರಲ್ಲ.

ಪಕ್ಕದ ಗದ್ದೆ ಅಜ್ಜ ಇದನ್ನ ನಮ್ಮೂರ ತೇರಿಗೆ ಹೋಲಿಸ್ತಾರೆ. "ಚಕ್ರ ಬದ್ಲಾಯ್ಸೀವಿ, ಅಚ್ಚು ಬದ್ಲಾಯ್ಸೀವಿ, ತೇರ್ ಮಾತ್ರ ನಮ್ ತಾತನ್ ಕಾಲುದ್ದೇಯ. ನಿಮ್ದೂ ಅಂಗೇ ಅಲ್ವಾ, ಹೊಸ ಬಟ್ಟೆ ಹಾಕ್ಸಿ ಎಬ್ಬುಸ್ರಪ್ಪ" ಅಂತ. ಅವರ ಮಾತಲ್ಲಿ ನಿಜ ಇದೆ, ಹಾರೋ ಕಾಲದಲ್ಲೂ ಈ ವಿಮಾನದ ಬಟ್ಟೆ, ಸಿಲಿಂಡರು, ಟೈರು ಎಲ್ಲ ಬದಲಾಗ್ತಾನೇ ಬಂದಿದ್ದು. ಬದಲಾಯಿಸೋದ್ರಿಂದ ಹಳೇದು ಹೋಗಲ್ಲ, ಏನು ಬದಲಾಯ್ತು, ಯಾರು ಮಾಡಿದ್ರು ಅಂತ ಬರೆದಿಡ್ದೇ ಬದಲಾಯಿಸಿದ್ರೆ ಹೋಗುತ್ತೆ. ಹಾಗಂತ ಹಾರಿಸೋ ಆಸೆ ಇಟ್ಕೊಂಡಿಲ್ಲ. ಕೊಳವೆ ಪೂರ್ತಿ ಬಿಚ್ಚಿ ತಪಾಸಣೆ, ಎಂಜಿನ್ ಓವರ್‌ಹಾಲ್, ಸರ್ಟಿಫಿಕೇಟು, ಹ್ಯಾಂಗರ್ ಬಾಡಿಗೆ, ಕಬ್ಬಿನ ದುಡ್ಡಲ್ಲಿ ಆಗೋ ಮಾತಲ್ಲ ಅದು. ನಾನು ಮಾಡ್ಬೇಕು ಅಂತಿರೋದು, ಮುಂದೆ ಯಾರಾದ್ರೂ ಶಕ್ತಿ ಇರೋರು ಬಂದು ಹಾರಿಸ್ತೀನಿ ಅಂದ್ರೆ ಅವರಿಗೆ ಒಂದು ಬೋಲ್ಟೂ ಕಾಣೆಯಾಗದ ಹಾಗೆ, ಒಂದು ಪುಟಾನೂ ಹರಿಯದ ಹಾಗೆ ಕೊಡೋಕಾಗ್ಬೇಕು. ಮಾಲೀಕತ್ವ ಅಂದ್ರೆ ನನಗೆ ಇಷ್ಟೇ ಅರ್ಥ ಆಗಿರೋದು, ಬೇರೆಯವರು ಇದಕ್ಕಿಂತ ದೊಡ್ಡದು ಮಾಡೋದಾದ್ರೆ ಸಂತೋಷ.

ಈ ಬೇಸಿಗೇಲಿ ಎಡ ರೆಕ್ಕೆ ತುದಿ ಕಡೆಯ ಬಟ್ಟೆ ತೆಗೀಲೇಬೇಕು, ಅಲ್ಲಿ ಹೊಲಿಗೆ ಬಿಟ್ಟಿದೆ. ರೆಕ್ಕೆಯ ಪಕ್ಕೆಲುಬುಗಳಿಗೆ ಬಟ್ಟೇನ ಮೇಣದ ದಾರದಲ್ಲಿ ಕಟ್ಟೋಕೆ ಒಂದು ವಿಶೇಷ ಗಂಟಿದೆ, ಉದ್ದ ಸೂಜಿ ಈ ಕಡೆಯಿಂದ ಆ ಕಡೆಗೆ ತೂರಿಸಿ, ಒಬ್ರು ಮೇಲೆ ಒಬ್ರು ಕೆಳಗೆ ಕೂತು ಹೊಲೀಬೇಕು. ಕುವೆಂಪುನಗರದ ಹಿರಿಯರು ತಾವೇ ಬಂದು ತೋರಿಸ್ತೀನಿ ಅಂದಿದ್ದಾರೆ, ಮಂಡಿ ನೋವಿದ್ರೂ ಕುರ್ಚಿ ಹಾಕಿದ್ರೆ ಕೂತು ಮಾಡ್ತೀನಿ ಅಂತ. ಪಾಂಡವಪುರದ ಐಟಿಐ ಹುಡುಗರು ಇಬ್ರು, ಟೈಲರಿಂಗ್ ಗೊತ್ತಿರೋ ನಮ್ಮೂರ ಹೆಣ್ಣುಮಗಳು ಒಬ್ಬಳು ಕಲಿಯೋಕೆ ಒಪ್ಪಿದ್ದಾರೆ. ಎಲ್ಲ ವಿಡಿಯೋ ಮಾಡಿ ಇಡ್ತೀವಿ. ಇದನ್ನ ಓದ್ತಾ ಇರೋರಲ್ಲಿ ಯಾರಾದ್ರೂ ಪುಷ್ಪಕ್‌ನಲ್ಲಿ ಹಾರಿದ್ರೆ, ಅಥವಾ ನಿಮ್ಮ ಮನೇಲಿ ಯಾರಾದ್ರೂ ಎಚ್‌ಎಎಲ್‌ನಲ್ಲಿ ಬಟ್ಟೆ ಹೊಲಿಯೋ ಸೆಕ್ಷನ್ನಲ್ಲೋ ಬೆಸುಗೆ ಸೆಕ್ಷನ್ನಲ್ಲೋ ಇದ್ದಿದ್ರೆ, ಅವರ ಹತ್ರ ಹಳೇ ಕೈಬರಹದ ನೋಟ್ಸು, ಸೂಜಿ, ಅಳತೆ ಪಟ್ಟಿ, ಮಂಡಕಳ್ಳೀಲಿ ತೆಗೆದ ಫೋಟೋ ಏನೇ ಇದ್ರೂ ರದ್ದಿಗೆ ಹಾಕೋಕೆ ಮುಂಚೆ ಒಂದ್ ಮಾತು ತಿಳಿಸಿ, ನಾನೇ ಬಂದು ನೋಡ್ತೀನಿ.